ಭಾಂಡುಪಿನಲ್ಲಿ ಬದುಕುಳಿದ ಅಧ್ಯಕ್ಷರು

ಮೊಮ್ಮಗಳು ಋತುವಿನ ಶಾಲೆಯ ಗ್ಯಾದರಿಂಗಿಗೆಂದು ಮೊನ್ನೆ ವಿಲೆ ಪಾರ್ಲೆಗೆ ಹೋಗಿದ್ದೆ. ನಾಟಕದಲ್ಲಿ ಅವಳದು ಮುದುಕ ನ್ಯಾಯಾಧೀಶನ ಪಾತ್ರ. ವೇದಿಕೆಯ ಹಿಂದಿನ ಕೋಣೆಯಲ್ಲಿ ಮೇಕಪ್ಪಿನವನು ಅವಳ ಗದ್ದಕ್ಕೆ ಅಂಟು ಹಚ್ಚಿ ಗಡ್ಡ ಒತ್ತುತ್ತಿದ್ದ.

"ಅಜ್ಜಿ, ಬಹುತ್ ಖುಜ್ಲೀ ಆಗ್ತದೆ. ತೆಗೀಲಾ?" ಎಂದಳು. ಅವಳ ಕನ್ನಡ ಅಷ್ಟೇ. ಅರ್ಧ ದಾರಿಗೆ ಬಂದು ಹಿಂದಿ ಹತ್ತಿಕೊಂಡು ಹೋಗಿಬಿಡುತ್ತದೆ.

"ತಡಕೋ, ಗಡ್ಡ ಅಂದ್ರ ತುರಸ್ತದ" ಎಂದು ಹತ್ತಿರ ಬಗ್ಗಿದ್ದೇ ತಡ, ಸ್ಪಿರಿಟ್ಟಿನಲ್ಲಿ ರಾಳ ಕರಗಿಸಿದ ಆ ಅಂಟಿನ ವಾಸನೆ ಮೂಗಿಗೆ ಬಡಿದು ಕಣ್ಣಲ್ಲಿ ನೀರು ಬಂತು. ಅದನ್ನು ಋತು ಅಜ್ಜಿಯ ಪ್ರೀತಿ ಎಂದುಕೊಂಡಳು. ಇರಲಿ, ಹಾಗೇ ಎಂದುಕೊಳ್ಳಲಿ. ನನ್ನ ಕಣ್ಣ ಮುಂದೆ ನಿಂತದ್ದು ಮಾತ್ರ ಅಮೆರಿಕದ ಅಧ್ಯಕ್ಷರು. ನಮ್ಮ ಭಾಂಡುಪ್ ಚಾಳಿನ ಭೀಮಪ್ಪ ಮಾಮಾನ ಮುಖ ಹೊತ್ತ ಅಧ್ಯಕ್ಷರು.

ಅದು ೧೯೭೧. ನಾನು ಮದುವೆಯಾಗಿ ಧಾರವಾಡದಿಂದ ಭಾಂಡುಪಿಗೆ ಬಂದು ಒಂದು ಮಳೆಗಾಲ ಕಳೆದು ಎರಡನೆಯದು ನಡೆದಿತ್ತು. ನನ್ನ ಯಜಮಾನರು ವಿಕ್ರೋಳಿಯ ಒಂದು ಕಾರ್ಖಾನೆಯ ಆಫೀಸಿನಲ್ಲಿದ್ದರು. ಅದೇ ಕಾರ್ಖಾನೆಯ ವರ್ಕ್‌ಶಾಪಿನಲ್ಲಿ ಭೀಮಪ್ಪ ಮಾಮಾ ಕ್ರೇನ್ ಆಪರೇಟರ್. ಚಾಳಿನಲ್ಲಿ ನಮ್ಮ ಖೋಲಿಗೂ ಅವರ ಖೋಲಿಗೂ ನಡುವೆ ಒಂದೇ ಗೋಡೆ. ಅವರ ಹೆಂಡತಿ ಗಂಗಕ್ಕ ರೊಟ್ಟಿ ಬಡಿಯುವ ಸಪ್ಪಳಕ್ಕೇ ನಾನು ಬೆಳಿಗ್ಗೆ ಏಳುತ್ತಿದ್ದೆ. ಇಬ್ಬರೂ ವಿಜಾಪುರದ ಕಡೆಯವರು. ಒಬ್ಬನೇ ಮಗ ಪರಸು, ಮಿಲಿಟರಿಯಲ್ಲಿದ್ದ.

ಕಾರ್ಖಾನೆಯ ಕನ್ನಡಿಗರದೊಂದು ಸಂಘವಿತ್ತು. ವರ್ಷಕ್ಕೊಂದು ನಾಟಕ ಆಡದಿದ್ದರೆ ಸಂಘದವರಿಗೆ ಉಂಡದ್ದು ಅರಗುತ್ತಿರಲಿಲ್ಲ. ನಾಟಕ ಬರೆಯುವುದು, ಕಲಿಸುವುದು, ಹಾರ್ಮೋನಿಯಂ ನುಡಿಸುವುದು ಎಲ್ಲವೂ ಕುಲಕರ್ಣಿ ಮಾಸ್ತರರೇ. ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಅವರು ಇತಿಹಾಸ ಕಲಿಸುತ್ತಿದ್ದರು. ಆ ಸಲ ಗಣಪತಿ ಹಬ್ಬ ಮುಗಿದ ಮೇಲೆ, ತಗಡಿನ ಮೇಲೆ ಮಳೆ ಬಡಿಯುತ್ತಿದ್ದ ಒಂದು ಸಂಜೆ, ಮಾಸ್ತರರು ಚಾಳಿನ ಪಡಸಾಲೆಯಲ್ಲಿ ನಮ್ಮನ್ನೆಲ್ಲ ಕೂಡಿಸಿ ಅಮೆರಿಕದ ಆ ದೊಡ್ಡ ಮನುಷ್ಯನ ಕಥೆ ಹೇಳಿದರು. ಮರದ ತೊಲೆಯ ಗುಡಿಸಲಿನಲ್ಲಿ ಹುಟ್ಟಿ, ಕೊಡಲಿ ಹಿಡಿದು ದುಡಿದು, ಕಡ ತಂದ ಪುಸ್ತಕ ಓದಿ ವಕೀಲನಾದವನು. ದೇಶ ಎರಡು ಹೋಳಾಗಿ ಅಣ್ಣತಮ್ಮಂದಿರೇ ಬಂದೂಕು ಹಿಡಿದಾಗ ಗದ್ದುಗೆಯ ಮೇಲಿದ್ದವನು. ಗುಲಾಮರನ್ನು ಬಿಡಿಸಿದವನು. ಹೆಸರು ನಿಮಗೆ ಗೊತ್ತಾಗಿರಬೇಕು. ಭೀಮಪ್ಪ ಮಾಮಾನ ನಾಲಿಗೆಯ ಮೇಲೆ ಆ ಹೆಸರು ಕೊನೆಯವರೆಗೂ ಸರಿಯಾಗಿ ತಿರುಗಲಿಲ್ಲವಾದ್ದರಿಂದ ನಾಟಕದಲ್ಲಿ ಎಲ್ಲರೂ 'ಅಧ್ಯಕ್ಷರೇ' ಎಂದೇ ಕರೆಯಬೇಕೆಂದು ಮಾಸ್ತರರು ತೀರ್ಮಾನಿಸಿದರು.

ಮಾಮಾ ಎತ್ತರದ ಆಳು. ಕೆನ್ನೆ ಒಳಗೆ ಹೋದ ಉದ್ದ ಮುಖ, ಮೊಣಕಾಲವರೆಗೆ ಬರುವ ಕೈ. ಪುಸ್ತಕದ ಚಿತ್ರವನ್ನೂ ಅವರನ್ನೂ ನೋಡಿ ಮಾಸ್ತರರು "ಬ್ಯಾರೆ ಯಾರನ್ನೂ ಹುಡುಕೋದು ಬ್ಯಾಡ" ಎಂದುಬಿಟ್ಟರು. ತೊಡಕು ಬಂದದ್ದು ಮೀಸೆಯದು. ಅಧ್ಯಕ್ಷರಿಗೆ ಗಡ್ಡವಿತ್ತು, ಮೀಸೆ ಇರಲಿಲ್ಲ.

"ಮೀಸಿ ತಗೀಬೇಕಾಗ್ತದ ಭೀಮಪ್ಪ."

"ಅಪ್ಪ ಸತ್ತಾಗ ತಗದಿದ್ದೆ, ಅವ್ವ ಸತ್ತಾಗ ತಗದಿದ್ದೆ. ಸುಮ್‌ಸುಮ್ನ ಹೆಂಗ ತಗೀಲ್ರಿ ಮಾಸ್ತರ? ಪರಸು ಅಲ್ಲಿ ಗಡಿ ಮ್ಯಾಲ ಅದಾನ."

ಮಾಸ್ತರರು ನಿಟ್ಟುಸಿರು ಬಿಟ್ಟು, ಅಮೆರಿಕದ ಅಧ್ಯಕ್ಷರಿಗೆ ವಿಜಾಪುರದ ಮೀಸೆ ಮಂಜೂರು ಮಾಡಿದರು.

ಹೆಣ್ಣು ಪಾತ್ರಕ್ಕೆ ಒಪ್ಪಿದವಳು ಇಡೀ ಚಾಳಿನಲ್ಲಿ ನಾನೊಬ್ಬಳೇ. ಹೀಗಾಗಿ ಎರಡನೆಯ ಅಂಕದಲ್ಲಿ ನಾನು ಪಹರೆಯಲ್ಲಿ ನಿದ್ದೆಹೋದ ಸಿಪಾಯಿಯ ತಾಯಿ, ಮೂರನೆಯ ಅಂಕದಲ್ಲಿ ಅಧ್ಯಕ್ಷರ ಹೆಂಡತಿ. ನಡುವೆ ಸೀರೆ ಬದಲಿಸಿ ಕೂದಲಿನ ಬಿಳಿ ಪೌಡರ್ ಒರೆಸಿಕೊಳ್ಳುವಷ್ಟೇ ಹೊತ್ತು. ಅಮೆರಿಕದವಳಿಗೆ ಸೀರೆ ಏಕೆ ಎಂದು ಆಗ ಯಾರೂ ಕೇಳಲಿಲ್ಲ, ನೀವೂ ಕೇಳಬೇಡಿ.

ಮಾಮಾ ಮಾತು ಬಾಯಿಪಾಠ ಮಾಡುತ್ತಿದ್ದದ್ದು ಕ್ರೇನಿನ ಕ್ಯಾಬಿನ್ನಿನಲ್ಲಿ ಕೂತು. ವರ್ಕ್‌ಶಾಪಿನ ಸೂರಿನ ಹತ್ತಿರದಿಂದ "ಮನುಷ್ಯನನ್ನು ಮನುಷ್ಯ ಮಾರುವ ಈ ಸಂತೆ ಇಂದಿಗೆ ಮುಗಿಯಿತು!" ಎಂಬ ಗರ್ಜನೆ ಕೇಳಿ ಕೆಳಗಿನ ಮರಾಠಿ ಹುಡುಗರು ಕತ್ತೆತ್ತಿ "ಕಾಯ್ ಝಾಲಂ ಕಾಕಾ?" ಏನಾಯಿತು ಕಾಕಾ ಎಂದು ಕೇಳುತ್ತಿದ್ದರಂತೆ. ನಮ್ಮ ಯಜಮಾನರು ಮನೆಗೆ ಬಂದು ಅದನ್ನು ಅಭಿನಯಿಸಿ ತೋರಿಸುತ್ತಿದ್ದರು.

ಗುಲಾಮರ ಬಿಡುಗಡೆಯ ಕಾಗದಕ್ಕೆ ಸಹಿ ಹಾಕುವ ದೃಶ್ಯ ಮಾಮಾನಿಗೆ ಬಹಳ ಪ್ರೀತಿಯದು. ಅಂದು ಹೊಸ ವರ್ಷದ ದಿನ. ಬಂದವರೆಲ್ಲರ ಕೈ ಕುಲುಕಿ ಅಧ್ಯಕ್ಷರ ಬಲಗೈ ಸೋತಿತ್ತು. ಪೆನ್ನು ಹಿಡಿದರೆ ನಡುಗಿತು. ಸಹಿ ನಡುಗಿದರೆ ಮುಂದಿನ ಜನ ತನಗೆ ಮನಸ್ಸಿರಲಿಲ್ಲ ಎಂದು ತಿಳಿದಾರು ಎಂದು ಪೆನ್ನು ಕೆಳಗಿಟ್ಟು, ಕೈ ತಿಕ್ಕಿಕೊಂಡು, ಆಮೇಲೆ ನಿಧಾನವಾಗಿ ಬರೆದರಂತೆ. ಮಾಸ್ತರರು ಇದನ್ನು ಹೇಳಿದಾಗ ಮಾಮಾ ತಲೆಯಾಡಿಸಿದರು. "ಖರೇ ಅದ. ಕೈ ಥರಥರ ಅಂದಾಗ ಕ್ರೇನಿನ ಲಿವರ್ ಮುಟ್ಟಬಾರದು" ಎಂದರು. ಆ ದೃಶ್ಯದಲ್ಲಿ ಅವರು ಎಡಗೈಯಿಂದ ಬಲಗೈ ತಿಕ್ಕಿಕೊಳ್ಳುತ್ತ ಎಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರೆಂದರೆ, ಮಾತು ಮರೆತರೇನೋ ಎಂದು ನಾವು ಎತ್ತಿಕೊಡಲು ಹೊರಡುತ್ತಿದ್ದೆವು.

ಗಂಗಕ್ಕ ದಿನಾ ಸಂಜೆ ತಾಲೀಮಿಗೆ ಚಹಾ ತರುತ್ತಿದ್ದಳು. ಬಾಗಿಲ ಬಳಿ ಕೆಟ್ಲಿ ಇಟ್ಟುಕೊಂಡು ಅಲ್ಲೇ ಕೂತುಬಿಡುತ್ತಿದ್ದಳು. ನಿದ್ದೆಹೋದ ಸಿಪಾಯಿಗೆ ಗುಂಡಿನ ಶಿಕ್ಷೆಯಾಗಿ, ತಾಯಿಯಾದ ನಾನು ಅಧ್ಯಕ್ಷರ ಮುಂದೆ ಸೆರಗೊಡ್ಡುವಾಗ ಅವಳು ಪ್ರತಿ ಸಲ ಅತ್ತಳು. ಸೇನಾಪತಿಯ ಮಾತು ಮೀರಿ ಅಧ್ಯಕ್ಷರು ಮಾಫಿ ಬರೆದುಕೊಟ್ಟಾಗ ಪ್ರತಿ ಸಲ ಮೂಗು ಒರೆಸಿಕೊಂಡು ಗಂಡನನ್ನು ಅಭಿಮಾನದಿಂದ ನೋಡಿದಳು. ಆ ಹುಡುಗನನ್ನು ಬಿಡಿಸಿದ್ದು ಮಾಮಾನೇ ಎಂಬ ಹಾಗೆ.

ಒಂದು ದಿನ ಅವಳು ಕೇಳಿದಳು. "ಮಾಸ್ತರ, ಆ ಅಧ್ಯಕ್ಷರ ಮಗ ಲಡಾಯಿಗೆ ಹೋಗಿದ್ನೇನ್ರಿ?"

"ಹಿರೇಮಗ ಹೋದ. ಆದ್ರ ಕಡೀಕಡೀಗೆ. ತಾಯಿ ಬಾಳ ದಿವಸ ಬಿಡಲಿಲ್ಲ."

"ಹಂಗೂ ಮಾಡಬಹುದಿತ್ತೇನು" ಎಂದು ಗಂಗಕ್ಕ ಕಪ್ಪುಗಳನ್ನು ಒಟ್ಟುಮಾಡಿಕೊಂಡು ಎದ್ದಳು. "ನನಗ ಯಾರೂ ಕೇಳಲೇ ಇಲ್ಲ."

ಕೊನೆಯ ದೃಶ್ಯ ಕಲಿಸತೊಡಗಿದಾಗ ಜಗಳ ಶುರುವಾಯಿತು. ಯುದ್ಧ ಗೆದ್ದ ಮೇಲೆ ಅಧ್ಯಕ್ಷರು ಒಂದು ಸಂಜೆ ನಾಟಕ ನೋಡಲು ಹೋಗುತ್ತಾರೆ. ಹೋಗಲು ಮನಸ್ಸಿಲ್ಲ, ಆದರೆ ಬರುತ್ತೇವೆಂದು ಹೇಳಿಯಾಗಿದೆ, ಜನ ಕಾಯುತ್ತಾರೆ. ಅಲ್ಲಿ ಒಬ್ಬ ಹಿಂದಿನಿಂದ ಗುಂಡು ಹಾರಿಸುತ್ತಾನೆ. ಮಾಮಾ ಕುರ್ಚಿಯ ಮೇಲೆ ಕೂತಲ್ಲೇ ಪಕ್ಕಕ್ಕೆ ವಾಲಿ ಸಾಯುವುದನ್ನು ಬಹಳ ಚೆನ್ನಾಗಿ ರೂಢಿ ಮಾಡಿಕೊಂಡಿದ್ದರು. ಮೊದಲ ಸಲ ಅದನ್ನು ಕಂಡ ಗಂಗಕ್ಕ ಕೆಟ್ಲಿ ಬಿಟ್ಟು ಎದ್ದು ನಿಂತಳು.

"ಇವರು ಸಾಯೂದು ಬ್ಯಾಡ್ರಿ ಮಾಸ್ತರ. ಮಗ ಗಡಿ ಮ್ಯಾಲ ಇದ್ದಾಗ ಮನೀ ಯಜಮಾನ ಎಲ್ಲಾರ ಮುಂದ ಸತ್ತು ಬೀಳಬಾರದು."

"ಗಂಗವ್ವಾ, ಇದು ಇತಿಹಾಸ. ಬದಲಿ ಮಾಡಾಕ ಬರೂದಿಲ್ಲ."

"ಇತಿಹಾಸ ನೀವ ಇಟಗೋರಿ. ಗಂಡ ನನ್ನಾಂವ."

ಮಾಮಾನಿಗೂ ಸಿಟ್ಟು ಬಂತು. "ಅಂಥಾ ದೊಡ್ಡ ಮನಶ್ಯಾ ಜೀವ ಕೊಟ್ಟಾನ. ಅದನ್ನ ತೋರಸಲಿಲ್ಲಂದ್ರ ಅವಗ ಅಪಮಾನ ಮಾಡಿಧಂಗ" ಎಂದರು. ಎರಡು ದಿನ ಗೋಡೆಯಾಚೆ ಮಾತಿಲ್ಲ, ರೊಟ್ಟಿಯ ಸಪ್ಪಳ ಮಾತ್ರ ಜೋರು. ಕೊನೆಗೆ ಮಾಸ್ತರರೇ ಒಂದು ಉಪಾಯ ಹೂಡಿದರು. ಅಧ್ಯಕ್ಷರು ಹ್ಯಾಟು ಹಾಕಿಕೊಂಡು ಬಾಗಿಲಿನಿಂದ ಹೊರಗೆ ಹೋಗುವುದು, ಹೆಂಡತಿ ತಲೆನೋವೆಂದು ಮನೆಯಲ್ಲೇ ಉಳಿದು ಒಂದು ಪದ ಹಾಡುವುದು, ಒಳಗಿನಿಂದ ಗುಂಡಿನ ಸದ್ದು, ಹೆಂಡತಿಯ ಗೋಳು, ಪರದೆ. ಇತಿಹಾಸದಲ್ಲಿ ಹೆಂಡತಿಯೂ ಪಕ್ಕದಲ್ಲೇ ಕೂತಿದ್ದಳಂತೆ. ಆದರೆ ನಾಟಕದೊಳಗೆ ಇನ್ನೊಂದು ನಾಟಕ ತೋರಿಸುವಷ್ಟು ಪರದೆ ನಮ್ಮಲ್ಲಿ ಇರಲಿಲ್ಲ. ಗಂಗಕ್ಕ ಕೆಟ್ಲಿ ಎತ್ತಿಕೊಂಡು ಮನೆಗೆ ನಡೆದಳು.

ಡಿಸೆಂಬರಿನಲ್ಲಿ ನಮ್ಮದೇ ಯುದ್ಧ ಬಂತು. ಕಿಟಕಿಗಳಿಗೆ ಕರಿ ಕಾಗದ ಅಂಟಿಸಿದೆವು. ಬಸ್ಸುಗಳ ದೀಪಕ್ಕೆ ಅರ್ಧ ಕರಿ ಬಣ್ಣ ಬಳಿದರು. ಸಂಜೆ ಸೈರನ್ ಕೂಗಿದರೆ ಲೋಕಲ್ ಗಾಡಿಯೂ ಕತ್ತಲಲ್ಲಿ ನಿಂತುಬಿಡುತ್ತಿತ್ತು. ಚಾಳಿನ ಒಂದೇ ಒಂದು ಒಳ್ಳೆಯ ರೇಡಿಯೋ ನಮ್ಮ ಮನೆಯದು. ಸುದ್ದಿಯ ಹೊತ್ತಿಗೆ ಗಂಗಕ್ಕ ಬಂದು ಹೊಸಿಲ ಮೇಲೆ ಕೂರುತ್ತಿದ್ದಳು. ಪರಸು ಪೂರ್ವದ ಕಡೆ ಇದ್ದಾನೆ ಎಂಬುದಷ್ಟೇ ಗೊತ್ತು. ಯುದ್ಧಕ್ಕೆ ಮೊದಲು ಬಂದ ಕಾರ್ಡೇ ಕೊನೆಯದು. ಮಾಮಾ ಸುದ್ದಿ ಕೇಳಲು ಬರುತ್ತಿರಲಿಲ್ಲ. ಗೋಡೆಯಾಚೆ ಕೂತು ತಮ್ಮ ಮಾತುಗಳನ್ನು ಮೆಲ್ಲಗೆ ಒಪ್ಪಿಸಿಕೊಳ್ಳುತ್ತಿದ್ದರು. ಆ ದಿನಗಳಲ್ಲಿ ಅವರು ಬೇರೆ ಮಾತೇ ಆಡಿದ್ದು ನನಗೆ ನೆನಪಿಲ್ಲ.

ಅಷ್ಟರಲ್ಲಿ ಅಮೆರಿಕ ನಮ್ಮನ್ನು ಹೆದರಿಸಲು ಯುದ್ಧದ ಹಡಗು ಕಳಿಸಿದ ಸುದ್ದಿ ಬಂತು. ಸಂಘದ ಸೆಕ್ರೆಟರಿ ಶೆಟ್ಟರು ಓಡಿಬಂದರು. ಅವರು ಮಂಗಳೂರು ಕಡೆಯವರು, ಬ್ಯಾಂಕಿನಲ್ಲಿ ಕೆಲಸ.

"ಮಾಸ್ಟ್ರೇ, ಈ ಹೊತ್ತಿನಲ್ಲಿ ಅಮೆರಿಕದ ಅಧ್ಯಕ್ಷನನ್ನು ಸ್ಟೇಜಿಗೆ ಹತ್ತಿಸಿದ್ರೆ ಜನ ಚಪ್ಪಲಿ ಬಿಸಾಡ್ತಾರೆ ಮಾರಾಯ್ರೆ. ನಾಟಕ ಬೇಡ."

ಮಾಸ್ತರರು ಬಾಯಿ ತೆರೆಯುವ ಮೊದಲೇ ಮಾಮಾ ಹೇಳಿದರು. "ಶೆಟ್ರ, ಹಡಗ ಕಳಿಸಿದಾಂವ ಬ್ಯಾರೆ. ಈತ ಸಿಪಾಯಿ ಹುಡುಗುರ ತಾಯಂದಿರ ಮಾತು ಕೇಳಿದಾಂವ. ಈತನ ನಾಟಕ ಈಗ ಮಾಡಲಿಲ್ಲಂದ್ರ ಮತ್ಯಾವಾಗ ಮಾಡೂದು?"

ಶೆಟ್ಟರು ಒಪ್ಪಿದರು. ನಾಟಕವನ್ನು ಸಂಕ್ರಾಂತಿಯ ನಂತರಕ್ಕೆ ತಳ್ಳಿ, ಹ್ಯಾಂಡ್‌ಬಿಲ್ಲಿನಿಂದ ಅಮೆರಿಕ ಎಂಬ ಶಬ್ದ ತೆಗೆಸಿ, 'ಗುಲಾಮ ವಿಮೋಚನ ಅರ್ಥಾತ್ ಗಡ್ಡದ ಧಣಿ' ಎಂದು ಅಚ್ಚು ಹಾಕಿಸಿದರು.

ಯುದ್ಧ ಮುಗಿಯಿತು. ನಾವು ಗೆದ್ದೆವು. ಚಾಳಿನಲ್ಲಿ ಪೇಢೆ ಹಂಚಿದರು. ಕಿಟಕಿಯ ಕರಿ ಕಾಗದ ಕಿತ್ತ ದಿನ ಖೋಲಿ ತುಂಬ ಬಿಸಿಲು ಬಂದು ನಮ್ಮ ಪಾತ್ರೆಗಳೇ ನಮಗೆ ಹೊಸದಾಗಿ ಕಂಡವು. ಬೇರೆ ಮನೆಗಳಿಗೆ ಕಾಗದ ಬಂದವು. ಪಕ್ಕದ ಚಾಳಿನ ಒಬ್ಬರ ಅಳಿಯ ರಜೆಯ ಮೇಲೆ ಬಂದೇಬಿಟ್ಟ. ಪರಸುವಿನ ಸುದ್ದಿ ಮಾತ್ರ ಇಲ್ಲ. ಗಂಗಕ್ಕ ಪೋಸ್ಟ್‌ಮನ್ ಬರುವ ಹೊತ್ತಿಗೆ ನಲ್ಲಿಯ ಬಳಿ ಕೊಡ ತೊಳೆಯುತ್ತ ನಿಲ್ಲುತ್ತಿದ್ದಳು. ತೊಳೆದ ಕೊಡವನ್ನೇ ಮತ್ತೆ ತೊಳೆಯುತ್ತಿದ್ದಳು. ಸಂಕ್ರಾಂತಿಯ ಎಳ್ಳು ಕೊಡಲು ಹೋದಾಗ ನನ್ನ ಕೈ ಹಿಡಿದು, "ಸುಶೀಲಾ, ಆ ಗುಂಡಿನ ಸದ್ದು ಬಿಡಿಸಾಕ ಆಗೂದಿಲ್ಲೇನ?" ಎಂದು ಕೇಳಿದಳು. ಮಾಸ್ತರರನ್ನು ಕೇಳಿ ನೋಡುತ್ತೇನೆ ಎಂದೆ. ಕೇಳಿದೆ ಕೂಡ. ಹುಡುಗರು ಇದನ್ನೇ ಪರೀಕ್ಷೆಯಲ್ಲಿ ಬರೆಯಬೇಕು ತಂಗಿ, ಸುಳ್ಳು ಹೆಂಗ ಕಲಸಲಿ, ಎಂದರು ಅವರು.

ನಾಟಕ ಒಂದು ಭಾನುವಾರ ಮಧ್ಯಾಹ್ನ, ಮಾಸ್ತರರ ಶಾಲೆಯ ಹಾಲ್‌ನಲ್ಲಿ. ಗಡ್ಡವನ್ನು ದಾದರಿನಿಂದ ಬಾಡಿಗೆಗೆ ತಂದಿದ್ದರು. ಅದು ಯಾವುದೋ ಋಷಿಯ ಗಡ್ಡ, ಹೊಕ್ಕಳವರೆಗೆ ಉದ್ದ. ಕತ್ತರಿ ಹಾಕಕೂಡದೆಂದು ಅಂಗಡಿಯವನು ಕಟ್ಟುನಿಟ್ಟಾಗಿ ಹೇಳಿ ಕಳಿಸಿದ್ದ. ಕೊನೆಗೆ ನಾನೇ ಅದನ್ನು ಮೂರು ಮಡಿಕೆ ಮಾಡಿ, ಒಳಗೆ ಪಿನ್ನು ಹಾಕಿ, ಸ್ಪಿರಿಟ್ ಗಮ್ಮು ಬಳಿದು ಮಾಮಾನ ಗದ್ದಕ್ಕೆ ಒತ್ತಿ ಹಿಡಿದೆ. ಅವರ ಮುಖ ಬಿಸಿಯಿತ್ತು. ನನ್ನ ಮುಖಕ್ಕೂ ಅವರ ಮುಖಕ್ಕೂ ಗೇಣು ಅಂತರ. ಯುದ್ಧ ಶುರುವಾದ ಮೇಲೆ ಆಗಲೇ ಮೊದಲ ಸಲ ಮಾಮಾ ಮಗನ ಮಾತು ತೆಗೆದರು. "ಅವನ ಕಾಗದ ನಾಳೆ ಬರಬಹುದು, ಅಲ್ಲೇನವಾ?" ಎಂದರು. ಬರುತ್ತದೆ ಮಾಮಾ ಎಂದೆ. ಅಂಟು ಒಣಗುವವರೆಗೂ ಅವರು ಮತ್ತೆ ಮಾತಾಡುವಂತಿರಲಿಲ್ಲ.

ಹಾಲ್ ಕಿಕ್ಕಿರಿದಿತ್ತು. ಯಾರೂ ಚಪ್ಪಲಿ ಎಸೆಯಲಿಲ್ಲ. ಸಹಿಯ ದೃಶ್ಯದಲ್ಲಿ ಮಾಮಾ ಕೈ ತಿಕ್ಕಿಕೊಂಡು ನಿಂತಾಗ ಮಕ್ಕಳು ಕೂಡ ತಮ್ಮ ಕೈ ತಿಕ್ಕಿಕೊಂಡರು. ಸಿಪಾಯಿಗೆ ಮಾಫಿ ಸಿಕ್ಕಾಗ ಹೆಂಗಸರೆಲ್ಲ ಅತ್ತರು. ನಾನು ಕೂದಲ ಪೌಡರ್ ಕೊಡವಿ ಹೆಂಡತಿಯಾಗಿ ಬಂದೆ. ಕೊನೆಯ ದೃಶ್ಯ. "ಜನ ನಮಗಾಗಿ ಕಾದಿರುವರು, ಪ್ರಿಯೆ. ನಾನು ಹೋಗಲೇಬೇಕು" ಎಂದು ಹ್ಯಾಟು ಹಾಕಿಕೊಂಡು ಅಧ್ಯಕ್ಷರು ಪಕ್ಕಕ್ಕೆ ಸರಿದರು. ನಾನು ಹಾಡಿದೆ. ಹಾಡು ಮುಗಿಯುವ ಹೊತ್ತಿಗೆ ಪರದೆಯ ಹಿಂದಿನ ಅಂಗಳದಲ್ಲಿ ಶೆಟ್ಟರು ಒಂದು ಡಬ್ಬಿಯೊಳಗೆ ಸುತಳಿ ಬಾಂಬು ಹಚ್ಚಬೇಕು. ದೀಪಾವಳಿಯಿಂದ ಕಾದಿಟ್ಟದ್ದು ಅದೊಂದೇ.

ಹಾಡು ಮುಗಿಯಿತು. ಸದ್ದಿಲ್ಲ.

ಮಾಸ್ತರರು ಕೆಳಗಿನಿಂದ ನನ್ನತ್ತ ಕಣ್ಣು ಬಿಟ್ಟು, ಹಾರ್ಮೋನಿಯಂ ಮೇಲೆ ಅದೇ ಹಾಡನ್ನು ಮತ್ತೆ ಎತ್ತಿದರು. ನಾನು ಮತ್ತೆ ಹಾಡಿದೆ. ಮತ್ತೆ ಸದ್ದಿಲ್ಲ. ಹಾಡುತ್ತಲೇ ಪಕ್ಕಕ್ಕೆ ನೋಡಿದೆ. ಬಾಗಿಲಾಚೆ ಶೆಟ್ಟರು ಕಡ್ಡಿಯ ಮೇಲೆ ಕಡ್ಡಿ ಗೀರುತ್ತಿದ್ದಾರೆ. ಬಾಂಬಿನಿಂದ ನೀರು ತೊಟ್ಟಿಕ್ಕುತ್ತಿದೆ. ಆಚೆಗೆ ಚಹಾದ ಕೆಟ್ಲಿಯ ಪಕ್ಕದಲ್ಲಿ ಗಂಗಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಾಳೆ. ಮಾಮಾ ಹ್ಯಾಟು ಹಾಕಿಕೊಂಡು ಅವಳನ್ನೇ ನೋಡುತ್ತಿದ್ದಾರೆ.

ಸಭೆಯಲ್ಲಿ ಗುಸುಗುಸು ಎದ್ದಿತು. ಮಾಸ್ತರರು ಬೇಕಾದರೆ 'ಢಂ' ಎಂದು ಬಾಯಲ್ಲೇ ಕೂಗಿಬಿಡುವವರಿದ್ದರು, ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೇನಾಯಿತೋ ತಿಳಿಯದು. ಗಂಗಕ್ಕನ ಒದ್ದೆ ಕೈ ನೋಡಿದ ಮೇಲೆ ಮುಂದಿನ ಮಾತು, 'ಅಯ್ಯೋ ಕೊಂದರಲ್ಲಾ' ಎಂಬುದನ್ನು, ಬಿಟ್ಟೇಬಿಟ್ಟೆ. ಬಾಗಿಲ ಕಡೆ ತಿರುಗಿ, ಮಾಸ್ತರರ ಗ್ರಾಂಥಿಕ ಭಾಷೆಯನ್ನೆಲ್ಲ ಬಿಟ್ಟು, ನಮ್ಮ ಮನೆಯ ಮಾತಿನಲ್ಲಿ ಕರೆದೆ.

"ಇನ್ನೂ ಅಲ್ಲೇ ನಿಂತೀರಿ? ನಾಟಕ ಸಾಕು. ಮನೀಗೆ ಬರ್ರಿ."

ಮಾಮಾ ಒಮ್ಮೆ ಮಾಸ್ತರರನ್ನು ನೋಡಿದರು. ಒಮ್ಮೆ ಗಂಗಕ್ಕನನ್ನು ನೋಡಿದರು. ಎಡಗೈಯಿಂದ ಬಲಗೈ ತಿಕ್ಕಿಕೊಂಡರು. ಆಮೇಲೆ ನಿಧಾನವಾಗಿ ಒಳಗೆ ನಡೆದುಬಂದು, ಹ್ಯಾಟು ತೆಗೆದು ಗೂಟಕ್ಕೆ ಹಾಕಿದರು.

"ಹೌಸ್‌ಫುಲ್ ಅದ" ಎಂದರು. "ಟಿಕೀಟ ಸಿಗಲಿಲ್ಲ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ದೇಶದ ಅಧ್ಯಕ್ಷನಿಗೆ ಟಿಕೆಟ್ ಇಲ್ಲವೆಂದರೆ ಏನು, ಎಂದು ಯಾರೂ ತಕರಾರು ತೆಗೆಯಲಿಲ್ಲ. ಮುಂಬಯಿಯಲ್ಲಿ ಅದು ಎಲ್ಲರ ಅನುಭವದ ಮಾತು. ಮಾಸ್ತರರು ಒಂದು ಕ್ಷಣ ತಲೆ ಹಿಡಿದುಕೊಂಡು ಕೂತರು, ಆಮೇಲೆ ಮಂಗಳಾರತಿಯ ಪದ ಎತ್ತಿದರು. ಗಡ್ಡದ ಧಣಿ ನನ್ನ ಪಕ್ಕ ನಿಂತು, ಮಡಿಕೆ ಬಿಚ್ಚಿ ಹೊಕ್ಕಳವರೆಗೆ ಇಳಿದ ಗಡ್ಡದಲ್ಲಿ, ಕಣ್ಣೀರು ಸುರಿಸುತ್ತ ಮಂಗಳ ಹಾಡಿದರು.

ಮರುದಿನ ಮಾಮಾ ಮಾಸ್ತರರ ಮನೆಗೆ ಹೋಗಿ ಕೈ ಮುಗಿದರಂತೆ. "ನಿಮ್ಮ ಪುಸ್ತಕದಾಗ ಅವರು ತೀರಿಕೊಂಡಾರ, ನನಗ ಗೊತ್ತದ. ನನ್ನ ಕೈಲೆ ಆಗಲಿಲ್ಲ ನೋಡ್ರಿ" ಎಂದರಂತೆ. ಮಾಸ್ತರರು ಅವರಿಗೆ ಚಹಾ ಕುಡಿಸಿ ಕಳಿಸಿದರು. ಆದರೆ ವಾರ್ಷಿಕ ಪರೀಕ್ಷೆಯಲ್ಲಿ ಅರ್ಧ ತರಗತಿ 'ಟಿಕೆಟ್ ಸಿಗದೆ ಮನೆಗೆ ಮರಳಿದ್ದರಿಂದ ಅಧ್ಯಕ್ಷರು ಪ್ರಾಣಾಪಾಯದಿಂದ ಪಾರಾದರು' ಎಂದು ಬರೆದಿಟ್ಟಾಗ ಮಾತ್ರ ಅವರು ನಮ್ಮ ಚಾಳಿನ ಕಡೆ ಕೆಲವು ದಿನ ತಲೆಹಾಕಲಿಲ್ಲ.

ಪರಸುವಿನ ಸುದ್ದಿ ಬಂದದ್ದು ಫೆಬ್ರವರಿಯಲ್ಲಿ. ಕಾಲಿಗೆ ಗುಂಡು ತಾಗಿ ಮಿಲಿಟರಿ ಆಸ್ಪತ್ರೆಯಲ್ಲಿದ್ದ. ಹೋಳಿಯ ಹೊತ್ತಿಗೆ, ಮೈಮೇಲೆ ಯಾರೋ ಎರಚಿದ ಬಣ್ಣದ ಸಮೇತ, ಕುಂಟುತ್ತ ಚಾಳಿನ ಮೆಟ್ಟಿಲು ಹತ್ತಿದ. ಗಂಗಕ್ಕ ಅಳಲಿಲ್ಲ. ಅವನನ್ನು ನನ್ನ ಮುಂದೆ ತಂದು ನಿಲ್ಲಿಸಿ, "ಈಕಿ ಕರದ್ಲು ನೋಡು, ಅದಕ್ಕ ನೀ ಬಂದಿ" ಎಂದಳು. ನಾನು ಅದನ್ನು ನಂಬಿದೆನೋ ಇಲ್ಲವೋ ಗೊತ್ತಿಲ್ಲ. ಅವಳು ನಂಬಿದ್ದಳು, ಅದು ಖರೆ. ಆ ಮನೆಯವರನ್ನು ಅಂದಿನಿಂದ ನಾನು ನನ್ನವರೆಂದೇ ಬಗೆದೆ.

ಮಾಮಾ ರಿಟೈರಾಗಿ, ಮೀಸೆ ಬೆಳ್ಳಗಾಗಿ, ಬಹಳ ವರ್ಷಗಳ ಮೇಲೆ ಹಾಸಿಗೆ ಹಿಡಿದರು. ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅದೇ ಚಾಳು, ಅದೇ ಗೋಡೆ. ಪರಸು ಕಾಲ ಬಳಿ ಕೂತಿದ್ದ. ಮಾಮಾ ಎರಡು ದಿನದಿಂದ ಕಣ್ಣು ತೆರೆದಿರಲಿಲ್ಲ. ನಾನು ಹೋದ ಕೂಡಲೇ ಗಂಗಕ್ಕ ಎದ್ದು ನನಗೆ ತನ್ನ ಜಾಗ ಬಿಟ್ಟುಕೊಟ್ಟಳು.

"ಸುಶೀಲಾ, ಅವತ್ತ ಕರದಿದ್ದೆಲ್ಲಾ. ಹಂಗ ಒಮ್ಮಿ ಕರಿ."

ನಾನು ಅವರ ಕಿವಿಯ ಹತ್ತಿರ ಬಗ್ಗಿ ಕರೆದೆ. "ನಾಟಕ ಸಾಕು ಮಾಮಾ. ಮನೀಗೆ ಬರ್ರಿ."

ಮಾಮಾನ ಎಡಗೈ ಮೆಲ್ಲಗೆ ಸರಿದು ಬಲಗೈಯ ಮೇಲೆ ಬಂತು. ಒಮ್ಮೆ ತಿಕ್ಕಿತು. ಕಣ್ಣು ಅರ್ಧ ತೆರೆಯಿತು. ಮೀಸೆಯ ಕೆಳಗೆ ತುಟಿ ಅಲುಗಿದ್ದನ್ನು ಕಂಡು ಗಂಗಕ್ಕನೂ ಹತ್ತಿರ ಬಗ್ಗಿದಳು. ಇಬ್ಬರಿಗೂ ಕೇಳಿಸಿತು.

"ಈ ಸಲ ಟಿಕೀಟ ಸಿಕ್ಕದ."

ಗಂಗಕ್ಕ ಸೆರಗಿನಿಂದ ಅವರ ಹಣೆ ಒರೆಸಿ, ಫಸ್ಟ್ ಶಿಫ್ಟಿಗೆ ಕಳಿಸಿಕೊಡುವ ದನಿಯಲ್ಲೇ ಹೇಳಿದಳು.

"ಹಂಗಾರ ಹೋಗಿ ಬರ್ರಿ."